ಅತ್ತೆಯವರ ವ್ಯಾನಿಗೊಂದು ಸೂರು

ಗೋಡೆಗೆ ನಾನು ಹೊಡೆದ ಯಾವ ಮೊಳೆಯೂ ಇಲ್ಲಿಯವರೆಗೆ ಒಂದು ಕ್ಯಾಲೆಂಡರಿನ ಭಾರವನ್ನು ತಡೆದಿದ್ದಿಲ್ಲ. ಈ ಸತ್ಯ ನನ್ನ ಹೆಂಡತಿ ಮಧುರಾಳಿಗೆ ಗೊತ್ತು, ಮಗಳು ನಮ್ರತಾಗೆ ಗೊತ್ತು, ಪಕ್ಕದ ಮನೆಯ ಅಣ್ಣಾಸಾಹೇಬರಿಗೂ ಗೊತ್ತು. ಗೊತ್ತಿಲ್ಲದವನು ಗುರುದತ್ ಎಂಬ ನಾನೊಬ್ಬನೇ. ಹಾಗಾಗಿಯೇ ೨೦೨೦ರ ಜೂನ್ ತಿಂಗಳ ಒಂದು ಭಾನುವಾರ, ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್ ಊರಿನ ನಮ್ಮ ಮನೆಯಲ್ಲಿ, ಅನ್ನ ಸಾರು ಕಲಸುತ್ತಾ ಒಂದು ಘೋಷಣೆ ಮಾಡಿದೆ.

"ಒಂದು ವ್ಯಾನ್ ತರ್ತೀನಿ. ನಾನೇ ಕೈಯಾರೆ ಅದನ್ನ ಮಲಗೋಕೆ, ಅಡುಗೆಗೆ ಎಲ್ಲಾ ಜಾಗ ಇರೋ ಕ್ಯಾಂಪರ್ ಮಾಡ್ತೀನಿ. ಅದರಲ್ಲೇ ಅಮ್ಮನ್ನ ರಾಲಿಗೆ ಕರ್ಕೊಂಡು ಹೋಗ್ತೀನಿ."

ಮಧುರಾ ಹುಳಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಅತ್ತೆ ಸಾವಿತ್ರಮ್ಮನವರು ಮಾತ್ರ ಕಣ್ಣೊರೆಸಿಕೊಂಡು, "ಅಳಿಯಂದ್ರು ಮನಸ್ಸು ಮಾಡಿದ್ರೆ ಆಗದೇ ಇರೋದು ಯಾವುದಿದೆ!" ಎಂದರು. ನನ್ನ ಬಗ್ಗೆ ಇಂಥ ಮಾತನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅಲ್ಲಿಗೆ ನನ್ನ ಬುದ್ಧಿ ಕೈಕೊಟ್ಟಿತು.

ವಿಷಯ ಏನೆಂದರೆ, ನಮ್ಮತ್ತೆಗೆ ರುಕ್ಮಿಣಮ್ಮ ಎಂಬ ಅಕ್ಕ ಇದ್ದಾರೆ. ಮೈಸೂರಿನಲ್ಲಿ ಇಬ್ಬರದೂ ಒಂದೇ ಬೀದಿ, ಎದುರುಬದುರು ಮನೆ. ಅಲ್ಲಿ ಹುಳಿ, ಇಲ್ಲಿ ಪಲ್ಯ, ಎರಡು ಮನೆಗೂ ಸೇರಿ ಒಂದೇ ಉಪ್ಪಿನಕಾಯಿ ಜಾಡಿ. ಆ ವರ್ಷ ಫೆಬ್ರವರಿಯಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಅಮೆರಿಕಕ್ಕೆ ಬಂದಿಳಿದು, ರುಕ್ಕು ದೊಡ್ಡಮ್ಮ ತಮ್ಮ ಮಗಳು ಮೇಧಾಳ ಮನೆಗೆಂದು ಉತ್ತರ ಕೆರೊಲಿನಾದ ರಾಲಿಗೆ ಹೋದರು, ಅತ್ತೆ ನಮ್ಮ ಮನೆಗೆ ಬಂದರು. ಯುಗಾದಿಗೆ ಸೇರುವುದೆಂದು ಮಾತಾಗಿತ್ತು. ಯುಗಾದಿಯ ಹೊತ್ತಿಗೆ ಪ್ರಪಂಚಕ್ಕೇ ಬೀಗ ಬಿತ್ತು. ಈಗ ದೊಡ್ಡಮ್ಮನಿಗೆ ಸೆಪ್ಟೆಂಬರ್ ಮಧ್ಯದಲ್ಲಿ ವಾಷಿಂಗ್ಟನ್ನಿನಿಂದ ಹೊರಡುವ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತ್ತು. ಅತ್ತೆಗೆ ಸಿಕ್ಕಿರಲಿಲ್ಲ.

"ಅವಳಿಗೆ ಎಪ್ಪತ್ತೈದು ಆಯ್ತು. ಈ ಕಾಲದಲ್ಲಿ ಇವತ್ತು ಇದ್ದೋರು ನಾಳೆ ಇಲ್ಲ. ಹೋಗೋ ಮೊದಲು ಒಂದು ಸಲ ಅವಳ ಮುಖ ನೋಡಬೇಕು" ಎಂದು ಅತ್ತೆ ದಿನಾ ಹೇಳುತ್ತಿದ್ದರು. ಹೇಳಿ, ದೇವರ ಮನೆಗೆ ಹೋಗಿ ಒಬ್ಬರೇ ಕೂರುತ್ತಿದ್ದರು.

ಕಮ್ಮಿಂಗ್‌ನಿಂದ ರಾಲಿಗೆ ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಕಾಫಿಗೆ ತಲುಪಬಹುದು. ಆದರೆ ಅತ್ತೆಯದು ಗಂಟೆಗೊಮ್ಮೆ ಇಳಿಯಲೇಬೇಕಾದ ವಯಸ್ಸು. ದಾರಿಯ ಪೆಟ್ರೋಲ್ ಬಂಕುಗಳ ಟಾಯ್ಲೆಟ್ ಎಂದರೆ ಆಗ ಯಮನ ಮನೆಯ ಬಾಗಿಲು ಎಂದೇ ನಾವೆಲ್ಲ ನಂಬಿದ್ದೆವು. ಅತ್ತೆ ಅಂತೂ ಕೊರೊನಾಕ್ಕೆ ಮೊದಲೇ ಅವುಗಳನ್ನು ಬಹಿಷ್ಕರಿಸಿದ್ದರು. ಅದಕ್ಕೇ ಟಾಯ್ಲೆಟ್ ಒಳಗೇ ಇರುವ ವ್ಯಾನು. ಯೋಚನೆಯಲ್ಲಿ ತಪ್ಪಿರಲಿಲ್ಲ, ಯೋಚಿಸಿದವನದು ತಪ್ಪು.

ವ್ಯಾನನ್ನು ಆನ್‌ಲೈನಿನಲ್ಲೇ ಕೊಂಡೆ. ಹಿಂದೆ ಯಾರೋ ಹೂವಿನ ಅಂಗಡಿಯವರು ಡೆಲಿವರಿಗೆ ಓಡಿಸುತ್ತಿದ್ದ, ಕಿಟಕಿಯೇ ಇಲ್ಲದ ಬಿಳಿ ವ್ಯಾನು. ಫೋಟೋದಲ್ಲಿ ಮಾರುವವನು ಅದರೊಳಗೆ ನೆಟ್ಟಗೆ ನಿಂತು ನಗುತ್ತಿದ್ದ. ಮನೆಗೆ ಬಂದ ದಿನ ನಾನೂ ಹಾಗೇ ನಿಲ್ಲಲು ಹೋಗಿ ಧಡ್ ಎಂದು ತಲೆ ಚಚ್ಚಿಕೊಂಡೆ. ಫೋಟೋದಲ್ಲಿ ನಿಂತಿದ್ದ ಮಹಾಶಯ ಬಲು ಗಿಡ್ಡ ಮನುಷ್ಯ ಎಂದು ಆಗ ತಿಳಿಯಿತು.

"ಇದು ಲೋ ರೂಫ್" ಎಂದಳು ಮಧುರಾ, ನನ್ನ ತಲೆಗೆ ಐಸ್ ಇಡುತ್ತಾ. "ಕೊಳ್ಳೋ ಮುಂಚೆ ಓದ್ಲಿಲ್ವಾ?"

"ಓದಿದ್ದೆ. ಲೋ ಅಂದ್ರೆ ಇಷ್ಟು ಲೋ ಅಂತ ಅಂದ್ಕೊಂಡಿರ್ಲಿಲ್ಲ."

ಮರುದಿನ ಡ್ರೈವ್‌ವೇನಲ್ಲಿ ಕುರ್ಚಿಗಳನ್ನು ದೂರದೂರ ಹಾಕಿ, ಮಾಸ್ಕ್ ಕಟ್ಟಿಕೊಂಡು ಸೂರಿನ ಸಭೆ ಸೇರಿತು. ಮೊದಲು ಅತ್ತೆ ವ್ಯಾನಿನೊಳಗೆ ಹತ್ತಿ, ಬಾಗಿಕೊಂಡೇ ಒಂದು ಸುತ್ತು ನೋಡಿ ಇಳಿದರು.

"ಅಳಿಯಂದ್ರೇ, ಎಲ್ಲಾ ಚೆನ್ನಾಗಿದೆ. ಆದ್ರೆ ಇದರಲ್ಲಿ ಸೀರೆ ಉಡೋದು ಹೇಗೆ? ನೆರಿಗೆ ಹಿಡೀಬೇಕಾದ್ರೆ ನೆಟ್ಟಗೆ ನಿಲ್ಲಬೇಕು. ಕೂತ್ಕೊಂಡು ನೆರಿಗೆ ಹಿಡಿದೋರು ನಮ್ಮ ವಂಶದಲ್ಲೇ ಇಲ್ಲ."

"ಒಂದು ದಿನ ಚೂಡಿದಾರ್ ಹಾಕ್ಕೋಮ್ಮ" ಎಂದಳು ಮಧುರಾ.

"ರುಕ್ಕುನ ನೋಡಕ್ಕೆ ಚೂಡಿದಾರಾ?" ಎಂದು ಅತ್ತೆ ಕೇಳಿದ ಧಾಟಿಗೆ ಲೋ ರೂಫ್ ಅಲ್ಲೇ ಬಿದ್ದುಹೋಯಿತು.

ಹಾಗಾದರೆ ಹೈ ರೂಫ್ ಕೂರಿಸೋಣ ಎಂದೆ. ಇರುವ ಸೂರನ್ನು ಕತ್ತರಿಸಿ ತೆಗೆದು, ಮೇಲೆ ಫೈಬರ್‌ಗ್ಲಾಸಿನ ಗೋಪುರ. ಅದಕ್ಕೆ ಅಡ್ಡಬಂದದ್ದು ನಮ್ಮ ಬಡಾವಣೆಯ ಸಂಘ. ಅದರ ಅಧ್ಯಕ್ಷೆ ಡೆಬ್ರಾ ಎಂಬಾಕೆ ದಿನಾ ಸಂಜೆ ನಾಯಿ ಹಿಡಿದುಕೊಂಡು ಹೊರಟು, ಯಾರ ಹುಲ್ಲು ಎಷ್ಟು ಬೆಳೆದಿದೆ ಎಂದು ನೋಡಿಕೊಂಡು ಬರುವ ಹೆಂಗಸು. ಗರಾಜಿನೊಳಗೆ ಹಿಡಿಸದ ಗಾಡಿ ರಾತ್ರಿ ಹೊರಗೆ ನಿಲ್ಲಬಾರದು ಎಂಬುದು ಅವರ ನಿಯಮ. ಗೋಪುರ ಹೊತ್ತ ವ್ಯಾನು ಗರಾಜಿನೊಳಗೆ ಹೋಗಬೇಕಾದರೆ ಮನೆಯನ್ನೇ ಜಾಕ್ ಕೊಟ್ಟು ಎತ್ತಬೇಕಿತ್ತು. ಮೀಡಿಯಂ ರೂಫ್ ಅಂತ ಒಂದಿದೆ. ಅದು ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ: ಅತ್ತೆಗೆ ಸಾಲದು, ಗರಾಜಿಗೆ ಹೆಚ್ಚು.

ಹೀಗೆ ಜುಲೈ ತಿಂಗಳೆಲ್ಲ ನಾನು ಸೂರಿನ ಚಿಂತೆಯಲ್ಲಿ ಕಳೆದೆ. ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮರಾ ಆಫ್ ಮಾಡಿ ವ್ಯಾನಿನ ವಿಡಿಯೋ ನೋಡುವುದು, ಮಧ್ಯಾಹ್ನ ಚಡ್ಡಿಯಲ್ಲೇ ಹೊರಗೆ ಬಂದು ಟೇಪು ಹಿಡಿದು ವ್ಯಾನಿನ ಸುತ್ತ ಸುತ್ತುವುದು. ವಿಡಿಯೋಗಳಲ್ಲಿ ಗಡ್ಡ ಬಿಟ್ಟ ಹುಡುಗರು, "ಎಷ್ಟು ಕಡಿಮೆಯೋ ಅಷ್ಟು ಸುಖ" ಎಂದು ಬೆಟ್ಟದ ತುದಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ತತ್ವ ನನ್ನ ತಲೆಗೇರಿತು.

ಆ ಹೊತ್ತಿಗೇ ಸರಿಯಾಗಿ ಪಕ್ಕದ ಮನೆಯ ಅಣ್ಣಾಸಾಹೇಬರು ಬೇಲಿಯ ಹತ್ತಿರ ಬಂದರು. ಬೆಳಗಾವಿ ಕಡೆಯ ಮೆಕ್ಯಾನಿಕಲ್ ಎಂಜಿನಿಯರು, ಮನೆಯ ಪ್ರತಿ ಸ್ಕ್ರೂ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವ ಮನುಷ್ಯ.

"ಏನ್ರಿ ಗುರುದತ್ತ ಅವ್ರ, ಒಳಗ ಹಾಸಿಗಿ ಹಾಕಾಕತ್ತೀರಿ? ಅಡಗಿ ಕಟ್ಟಿ ಬ್ಯಾರೆ? ಯಾಕ್ರಿ ಇದೆಲ್ಲಾ?"

ಅತ್ತೆಗೆ ಗಂಟೆಗೊಮ್ಮೆ ಇಳಿಯಬೇಕಾಗುತ್ತದೆ ಎಂದು ಗಂಡಸಿನ ಮುಂದೆ ಹೇಳುವುದು ಸಭ್ಯತೆಯಲ್ಲ ಎನ್ನಿಸಿತು. ಬೆಟ್ಟದ ತುದಿಯ ಹುಡುಗರನ್ನು ನೆನೆದು, ದೂರಕ್ಕೆ ದೃಷ್ಟಿ ನೆಟ್ಟು ಹೇಳಿದೆ: "ಮನುಷ್ಯನಿಗೆ ಇಷ್ಟು ದೊಡ್ಡ ಮನೆ ಯಾಕೆ ಬೇಕು ಹೇಳಿ, ಅಣ್ಣಾಸಾಹೇಬ್ರೇ? ಮಲಗೋಕೆ ಆರಡಿ ಜಾಗ ಸಾಲದಾ? ಬಿಟ್ಟು ಬಿಡಬೇಕು ಎಲ್ಲಾನೂ."

ಅಣ್ಣಾಸಾಹೇಬರು ನನ್ನ ಚಡ್ಡಿಯನ್ನು ನೋಡಿದರು. ನಾಲ್ಕು ಬೆಡ್‌ರೂಮಿನ ಮನೆಯನ್ನು ನೋಡಿದರು. ಕೆಲಸದ ದಿನದ ಮಧ್ಯಾಹ್ನದ ಬಿಸಿಲನ್ನೂ ನೋಡಿದರು. ಊರಲ್ಲಿ ಅವರಿವರ ನೌಕರಿ ಹೋಗುತ್ತಿದ್ದ ಕಾಲ ಅದು.

"ನಾವದೀವಿ ನೋಡ್ರಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ನನ್ನ ತತ್ವಕ್ಕೆ ಮನಸೋತರು ಎಂದುಕೊಂಡೆ.

ಸಂಜೆ ಅವರ ಹೆಂಡತಿ ಬಸವ್ವ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತಂದು ಬಾಗಿಲಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು, "ಚಿಂತಿ ಮಾಡಬ್ಯಾಡ ಮಧುರಾ, ನೌಕರಿ ಬರ್ತೈತಿ, ಹೋಗ್ತೈತಿ" ಎಂದರು. ಯಾರ ನೌಕರಿ ಎಂದು ಮಧುರಾ ಕೇಳುವಷ್ಟರಲ್ಲಿ ಸೆರಗಿನಿಂದ ಕಣ್ಣೊತ್ತಿಕೊಂಡು ಹೊರಟುಹೋದರು. ರೊಟ್ಟಿ ಬಹಳ ರುಚಿಯಾಗಿದ್ದುದರಿಂದ ನಾವು ಆ ಮಾತನ್ನು ಮುಂದುವರಿಸಲಿಲ್ಲ.

ಕೊನೆಗೆ ಸಮಸ್ಯೆಗೆ ಪರಿಹಾರವೂ ಸಿಕ್ಕಿತು: ಪಾಪ್-ಟಾಪ್. ಬೇಕಾದಾಗ ಡೇರೆಯ ಹಾಗೆ ಎದ್ದು ನಿಲ್ಲುತ್ತದೆ, ಬೇಡವಾದಾಗ ಮಡಚಿಕೊಂಡು ಗರಾಜಿನೊಳಗೆ ನುಸುಳುತ್ತದೆ. ನಿಂತರೆ ಅತ್ತೆಗೆ ನೆರಿಗೆ, ಮಲಗಿದರೆ ಡೆಬ್ರಾಗೆ ನೆಮ್ಮದಿ. ದಕ್ಷಿಣ ಕೆರೊಲಿನಾದ ಒಂದು ಸಣ್ಣ ವರ್ಕ್‌ಶಾಪಿಗೆ ಆರ್ಡರ್ ಕೊಟ್ಟೆ. ಕೂರಿಸುವ ಕೆಲಸವನ್ನೂ ಅವರೇ ಮಾಡುತ್ತೇವೆಂದರು. "ಬೇಡ, ನಾನೇ ಮಾಡ್ಕೋತೀನಿ" ಎಂದೆ. ಆಗಸ್ಟ್ ಕೊನೆಗೆ ಮನೆಗೇ ಬರುತ್ತದೆಂದು ಮಾತಾಯಿತು.

ಇಲ್ಲಿ ಅತ್ತೆ ಬಾಯಿ ಹಾಕಿದರು. "ಸೂರು ಹಾಕೋದು ಅಂದ್ರೆ ಸುಮ್ನೇನಾ? ಒಳ್ಳೆ ದಿನ ನೋಡಬೇಕು. ಸೆಪ್ಟೆಂಬರ್ ಶುರುವಾಯ್ತು ಅಂದ್ರೆ ಪಿತೃಪಕ್ಷ. ಅದು ಮುಗೀತಿದ್ದ ಹಾಗೆ ಈ ವರ್ಷ ಅಧಿಕ ಮಾಸ. ಅಕ್ಟೋಬರ್ ಅರ್ಧ ಆಗೋವರೆಗೆ ಒಂದು ಒಳ್ಳೆ ಕೆಲಸ ಶುರು ಮಾಡೋ ಹಾಗಿಲ್ಲ."

ದಿನ ನೋಡಲು ಪ್ರಭಾಕರ ಅಂಕಲ್ ಇದ್ದರು. ಎಪ್ಪತ್ತರ ದಶಕದಲ್ಲೇ ಅಟ್ಲಾಂಟಾಗೆ ಬಂದು, ಸಾವಿರಾರು ಅಮೆರಿಕನ್ನರ ಎದೆ ಸೀಳಿ ಹೊಲಿದು ನಿವೃತ್ತರಾದ ಹೃದಯ ಶಸ್ತ್ರಚಿಕಿತ್ಸಕರು. ಈಗ ಪಂಚಾಂಗ ಹಿಡಿದು ಜ಼ೂಮ್‌ನಲ್ಲಿ ಪೂಜೆ ಮಾಡಿಸುತ್ತಾರೆ. ಪರದೆಯ ಮೇಲೆ ಬಂದವರೇ ಒಂದು ಧರ್ಮಸೂಕ್ಷ್ಮ ಎತ್ತಿದರು.

"ಇದು ವಾಹನವೋ, ಗೃಹವೋ? ವಾಹನ ಆದ್ರೆ ನಿಂಬೆಹಣ್ಣು ಸಾಕು. ಗೃಹ ಆದ್ರೆ ವಾಸ್ತು ಬರುತ್ತೆ."

"ಓಡುತ್ತಲ್ಲ ಅಂಕಲ್, ವಾಹನ" ಎಂದೆ.

"ಅದರಲ್ಲಿ ಮಲಗ್ತೀರಾ?"

"ಮಲಗ್ತೀವಿ."

"ಒಲೆ ಇದೆಯಾ?"

"ಇದೆ."

"ಹಾಗಾದ್ರೆ ಗೃಹ. ಮುಖ ಯಾವ ದಿಕ್ಕಿಗೆ?"

"ಸ್ಟಿಯರಿಂಗ್ ತಿರುಗಿಸಿದ ದಿಕ್ಕಿಗೆ, ಅಂಕಲ್."

ಅವರು ಕನ್ನಡಕ ಸರಿಮಾಡಿಕೊಂಡು ಪಂಚಾಂಗದ ಹಾಳೆ ತಿರುವಿದರು. ಆಗಸ್ಟಿನ ಕೊನೆಯ ಭಾನುವಾರ ಬೆಳಿಗ್ಗೆ ಒಂದು ಪ್ರಶಸ್ತ ಲಗ್ನ ಸಿಕ್ಕಿತು. ಆದರೆ ಪಾಪ್-ಟಾಪ್ ಅಷ್ಟರೊಳಗೆ ಬರುವ ನಂಬಿಕೆ ಇರಲಿಲ್ಲ. ವರ್ಕ್‌ಶಾಪಿನವನು ಮಾತು ಬದಲಿಸಿ, ಅದರ ಮುಂದಿನ ವಾರ ಬರುತ್ತದೆಂದು ಹೇಳಿದ್ದ.

"ನೋಡು ಗುರುದತ್, ನನ್ನ ನಲವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ" ಎಂದರು ಅಂಕಲ್. "ಮುಖ್ಯ ಓಪನ್ ಮಾಡೋದು. ಸರಿಯಾದ ಟೈಮಲ್ಲಿ ಓಪನ್ ಮಾಡಿಬಿಟ್ರೆ, ಕ್ಲೋಸ್ ಮಾಡೋದು ಯಾವಾಗ ಬೇಕಾದ್ರೂ ಮಾಡಬಹುದು."

ಅಣ್ಣಾಸಾಹೇಬರು ಇದನ್ನು ತಿಳಿದು ಬೇಲಿಯಾಚೆಯಿಂದಲೇ ಕೈಮುಗಿದರು. "ಕೂಸು ಹುಟ್ಟೂ ಮೊದಲ ಕುಲಾಯಿ ಬ್ಯಾಡ್ರಿ. ಟಾಪ್ ಬರ್ಲಿ, ನಾ ಬಂದು ನಿಂತು ಕುಂದರಸಿ ಕೊಡ್ತೀನಿ. ಅಲ್ಲೀತನಕ ಗರಗಸಾ ಮುಟ್ಟಬ್ಯಾಡ್ರಿ."

ನಾನು ಮುಗುಳ್ನಕ್ಕೆ. ಎಂಜಿನಿಯರುಗಳಿಗೆ ಶ್ರದ್ಧೆ ಕಡಿಮೆ ಎಂದುಕೊಂಡೆ.

ಭಾನುವಾರ ಬಂತು. ವ್ಯಾನಿನ ಮೂತಿಗೆ ಅರಿಶಿನ ಕುಂಕುಮ, ಚಕ್ರಗಳ ಕೆಳಗೆ ನಿಂಬೆಹಣ್ಣು, ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ, ಏಣಿಯ ಮೇಲೆ ನಾನು. ಐಪ್ಯಾಡಿನಿಂದ ಅಂಕಲ್ ಮಂತ್ರ ಹೇಳುತ್ತಾ, ನಡುನಡುವೆ ಅಭ್ಯಾಸಬಲದಿಂದ "ಸ್ಟೆಡಿ, ಸ್ಟೆಡಿ" ಎನ್ನುತ್ತಿದ್ದರು. ಜಿಗ್‌ಸಾ ಗರಗಸ ಚಾಲೂ ಮಾಡಿದೆ. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಅತ್ತೆ ಕಾಯಿ ಒಡೆದರು. ಚೌಕ ಬರೆದುಕೊಂಡಿದ್ದೆ, ಆದರೆ ಗರಗಸಕ್ಕೆ ಅದರದೇ ಮನಸ್ಸಿತ್ತು. ಒಂದು ಕಡೆ ಶುರುಮಾಡಿದ ಗೆರೆ ಇನ್ನೊಂದು ಕಡೆ ಬಂದು ಸೇರುವಾಗ ಒಂದು ಗೇಣು ಆಚೆ ಇತ್ತು. ಅದನ್ನು ಕೂಡಿಸಲು ಹೋಗಿ ಮತ್ತಷ್ಟು ಕೊಯ್ದೆ. ಇಡೀ ಸೂರು ಧಡಾರೆಂದು ಒಳಗಿನ ಹಾಸಿಗೆಯ ಮೇಲೆ ಬಿತ್ತು.

ಹೊಗೆ, ಧೂಳು ಅಡಗಿದ ಮೇಲೆ ನಮ್ರತಾ ಬಂದು ಒಳಗೆ ಇಣುಕಿ, ಆಕಾಶ ನೋಡಿ, "ಅಪ್ಪಾ, ಇಟ್ಸ್ ಅ ಕನ್ವರ್ಟಿಬಲ್ ನೌ!" ಎಂದಳು.

"ಶುಭಂ" ಎಂದರು ಅಂಕಲ್, ಐಪ್ಯಾಡಿನಿಂದ.

ಮಂಗಳವಾರ ವರ್ಕ್‌ಶಾಪಿನವನು ಫೋನ್ ಮಾಡಿದ. ಫೈಬರ್‌ಗ್ಲಾಸ್ ಬರುವುದು ತಡವಾಗಿದೆ, ನಿಮ್ಮ ಟಾಪ್ ಅಕ್ಟೋಬರ್ ಮಧ್ಯಕ್ಕೆ ಸಿಗುತ್ತದೆ, ಆದರೆ ಚಿಂತೆಯಿಲ್ಲ, ಅದು ಕೈಗೆ ಬರುವವರೆಗೆ ಸೂರನ್ನು ಮಾತ್ರ ಕತ್ತರಿಸಬೇಡಿ ಎಂದ. ನಾನು ಥ್ಯಾಂಕ್ಯೂ ಹೇಳಿ ಫೋನ್ ಇಟ್ಟೆ.

ಮಳೆ ಬರುವ ಸೂಚನೆ ಇತ್ತು. ನೀಲಿ ಟಾರ್ಪಾಲು ತಂದು ಹೊದಿಸಿದೆ. ಮೊದಲ ಮಳೆಗೇ ಅದರ ನಡುವೆ ನೀರು ನಿಂತು, ಟಾರ್ಪಾಲು ಜಗ್ಗಿ ಒಳಗೆ ಬಂದು, ಹಾಸಿಗೆಯ ಮೇಲೆ ಕೆರೆಯಾಯಿತು. ನೀರು ಜಾರಿಹೋಗಲೆಂದು ಹಲಗೆಗಳನ್ನು ಇಳಿಜಾರಾಗಿ ಹೊಡೆದು, ಅದರ ಮೇಲೆ ಟಾರ್ಪಾಲು ಹೊದಿಸಿ ಒಂದು ಮಾಡು ಕಟ್ಟಿದೆ. ಈಗ ನೀರೇನೋ ಜಾರಿತು, ಆದರೆ ಮಾಡಿನ ಎತ್ತರಕ್ಕೆ ವ್ಯಾನು ಗರಾಜಿನೊಳಗೆ ಹೋಗದಾಯಿತು. ಜೋಪಡಿಯನ್ನು ತಲೆಯ ಮೇಲೆ ಹೊತ್ತು ಅದು ಡ್ರೈವ್‌ವೇನಲ್ಲೇ ನಿಂತಿತು. ಅತ್ತೆಗೆ ಮಳೆಯ ಚಿಂತೆಯಿರಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು, "ಹದಿನೈದು ದಿನ ಇದೆ, ಅಲ್ವಾ ಅಳಿಯಂದ್ರೇ? ಆಗುತ್ತೆ ಅಲ್ವಾ?" ಎಂದು ಕೇಳುತ್ತಿದ್ದರು. "ಆಗುತ್ತೆ ಅಮ್ಮ" ಎನ್ನುತ್ತಿದ್ದೆ. ಹೇಳುವಾಗ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

"ಕಾರಲ್ಲೇ ಹೋಗೋಣ" ಎಂದಳು ಮಧುರಾ.

"ಟಾಯ್ಲೆಟ್ಟು?"

ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಅಷ್ಟರಲ್ಲಿ ನನ್ನ ದಾರಿದ್ರ್ಯದ ಸುದ್ದಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಸರಾಗವಾಗಿ ಓಡಾಡತೊಡಗಿತ್ತು. ಗುರುದತ್‌ಗೆ ಕೆಲಸ ಹೋಗಿದೆ, ಮನೆ ಬ್ಯಾಂಕಿನ ಪಾಲಾಗುತ್ತಿದೆ, ಸಂಸಾರ ಸಮೇತ ವ್ಯಾನಿಗೆ ಹೋಗುತ್ತಿದ್ದಾರೆ, ಪಾಪ ಅದಕ್ಕೂ ಸೂರಿಲ್ಲ! ಬಾಗಿಲಿಗೆ ಬಿಸಿಬೇಳೆಬಾತು ಬಂತು. ಸಾರಿನ ಪುಡಿ ಬಂತು. ಯಾರೋ ಪುಣ್ಯಾತ್ಮರು ನನ್ನ ಅಳತೆಯದೇ ಎರಡು ಪ್ಯಾಂಟು ಇಟ್ಟುಹೋಗಿದ್ದರು.

ಅಣ್ಣಾಸಾಹೇಬರನ್ನು ಹಿಡಿದು ಹೇಳಿದೆ: "ಸ್ವಾಮಿ, ನನಗೆ ಕೆಲಸ ಇದೆ. ಈಗ ತಾನೇ ಮೀಟಿಂಗ್ ಮುಗಿಸಿ ಬಂದೆ."

"ಇರ್ತೈತ್ರಿ, ಇರ್ತೈತಿ" ಎಂದು ಅವರು ತಲೆಯಾಡಿಸಿದರು. "ನಮ್ಮ ಕಾಕಾನೂ ಹಿಂಗ ದಿನಾ ಡಬ್ಬಿ ಕಟಗೊಂಡು ಆಫೀಸಿಗೆ ಹೊಂಟೀನಿ ಅಂತಿದ್ದ. ನೌಕರಿ ಹೋಗಿ ವರ್ಷ ಆಗಿತ್ತು."

ಮರುದಿನ ಸಂಜೆ ಡೆಬ್ರಾ ಬಂದರು. ನಾಯಿಯೂ ಜೊತೆಯಲ್ಲಿತ್ತು. ಜೋಪಡಿ ಹೊತ್ತ ವ್ಯಾನಿಗೆ ಇವತ್ತು ದಂಡ ಗ್ಯಾರಂಟಿ ಎಂದು ನಾನು ಗೊಣಗುತ್ತಾ ಹೊರಗೆ ಬಂದೆ. ನೋಡಿದರೆ ಆಕೆಯ ಕೈಯಲ್ಲಿ ಬಿಸಿಬಿಸಿ ಮ್ಯಾಕರೋನಿ ತಟ್ಟೆ, ಕಣ್ಣಲ್ಲಿ ನೀರು.

"ಗುರು, ನನಗೆ ಎಲ್ಲಾ ಗೊತ್ತಾಯ್ತು. ಬೋರ್ಡಿನವರ ಹತ್ರ ಮಾತಾಡಿದೀನಿ. ಈ... ಈ ಗಾಡಿ ಎಷ್ಟು ದಿನ ಬೇಕಾದ್ರೂ ಇಲ್ಲಿರ್ಲಿ. ಯಾರೂ ಏನೂ ಹೇಳಲ್ಲ."

ಆಗ ನಾನು ನಿಜ ಹೇಳಬೇಕಿತ್ತು. ಹೇಳಿದರೆ ವ್ಯಾನು ರಾತ್ರಿಯೊಳಗೆ ಗರಾಜಿಗೆ ಹೋಗಬೇಕು, ಹೋಗಬೇಕಾದರೆ ಮಾಡು ಕೀಳಬೇಕು, ಕಿತ್ತರೆ ಮಳೆ. ತಲೆ ತಗ್ಗಿಸಿ, "ಗಾಡ್ ಬ್ಲೆಸ್ ಯು, ಡೆಬ್ರಾ" ಎಂದು ತಟ್ಟೆ ತೆಗೆದುಕೊಂಡೆ. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಮಧುರಾ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಮ್ಯಾಕರೋನಿ ಮಾತ್ರ ತಿಂದಳು.

ವಾಟ್ಸಾಪಿಗೆ ರಾಜ್ಯದ ಗಡಿಯೇನು ಲೆಕ್ಕ? ಸುದ್ದಿ ಜಾರ್ಜಿಯಾ ದಾಟಿ, ದಕ್ಷಿಣ ಕೆರೊಲಿನಾ ದಾಟಿ, ರಾಲಿಯಲ್ಲಿದ್ದ ರುಕ್ಕು ದೊಡ್ಡಮ್ಮನ ಕಿವಿಗೂ ಬಿತ್ತು. ಅವರು ತಂಗಿಗೆ ವಿಡಿಯೋ ಕಾಲ್ ಮಾಡಿದಾಗ ಮಳೆ ಬಿಟ್ಟಿತ್ತು. ಹಾಸಿಗೆ ಒಣಗಲೆಂದು ನಾನು ಟಾರ್ಪಾಲು ಸರಿಸಿದ್ದೆ. ಅತ್ತೆ ವ್ಯಾನಿನೊಳಗೇ ಕೂತಿದ್ದರು.

"ಸಾವಿತ್ರಿ, ನಿಜ ಹೇಳು. ಏನಾಗ್ತಿದೆ ಅಲ್ಲಿ?"

"ಏನೂ ಆಗಿಲ್ವೇ! ಅಳಿಯಂದ್ರು ಗಾಡಿ ಮಾಡ್ತಿದಾರೆ. ತಾಳು, ತೋರಿಸ್ತೀನಿ" ಎಂದು ಅತ್ತೆ ಉತ್ಸಾಹದಿಂದ ಫೋನನ್ನು ಸುತ್ತಲೂ ತಿರುಗಿಸಿದರು. "ಇಲ್ಲಿ ನಾನು ಮಲಗೋದು. ಸ್ವಲ್ಪ ಒದ್ದೆ ಆಗಿದೆ, ಒಣಗುತ್ತೆ. ಇಲ್ಲಿ ಅಡುಗೆ. ಮಧುರಾ, ನಮ್ರತಾ ಕೆಳಗೆ ಮಲಗ್ತಾರೆ. ಇದು ಡಬ್ಬ, ಅದೇ, ಟಾಯ್ಲೆಟ್ಟು. ಮೇಲೆ ನೋಡು, ಎಷ್ಟು ಚೆನ್ನಾಗಿ ಆಕಾಶ ಕಾಣುತ್ತೆ!"

ಆ ಕಡೆ ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಮನೆಯಲ್ಲೇ ಇದೀಯಾ ತಾನೇ ನೀನು?" ಎಂದರು ದೊಡ್ಡಮ್ಮ.

"ಈಗ ಮನೇಲೇ. ಇನ್ನೊಂದು ವಾರದಲ್ಲಿ ಇದಕ್ಕೆ ಬಂದುಬಿಡ್ತೀವಿ" ಎಂದರು ನಮ್ಮತ್ತೆ. ಪ್ರಯಾಣದ ಮಾತು ಅವರ ಮನಸ್ಸಿನಲ್ಲಿ. ಕೇಳಿಸಿಕೊಂಡವರ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಫೋನ್ ಕಟ್ ಆಯಿತು. ಸಿಗ್ನಲ್ ಇಲ್ಲ ಎಂದುಕೊಂಡು ಅತ್ತೆ ಬತ್ತಿ ಹೊಸೆಯಲು ಹೋದರು.

ಮಾರನೆಯ ದಿನ ಮಧ್ಯಾಹ್ನ ನಾನು ಏಣಿ ಹತ್ತಿ ಮಾಡಿಗೆ ಮೊಳೆ ಹೊಡೆಯುತ್ತಿದ್ದೆ. ಹಳೆಯದೊಂದು ಕ್ಯಾಮ್ರಿ ಕಾರು ಬಂದು ಡ್ರೈವ್‌ವೇ ತುದಿಯಲ್ಲಿ ನಿಂತಿತು. ಉತ್ತರ ಕೆರೊಲಿನಾ ನಂಬರು. ಡ್ರೈವರ್ ಸೀಟಿನಿಂದ ಮೇಧಾಳ ಗಂಡ ಸಿದ್ಧಾರ್ಥ್ ಇಳಿದ. ಹಿಂದಿನ ಬಾಗಿಲು ತೆರೆದುಕೊಂಡು ರೇಷ್ಮೆ ಸೀರೆ, ಸ್ವೆಟರ್, ಸ್ನೀಕರ್ಸ್, ಮಾಸ್ಕು ಎಲ್ಲವೂ ಒಟ್ಟಿಗೆ ಇಳಿದವು. ಅದರೊಳಗೆ ರುಕ್ಕು ದೊಡ್ಡಮ್ಮ ಇದ್ದರು.

"ಎಲ್ಲಿ ನನ್ನ ತಂಗಿ?" ಎಂದರು ಏಣಿಯ ಕಡೆಗೆ ನೋಡಿ. ಇಷ್ಟು ದಿನ ನನಗೆ ಬಂದಿದ್ದ ಅನುಕಂಪ ಆ ದನಿಯಲ್ಲಿ ಚೂರೂ ಇರಲಿಲ್ಲ.

ಒಳಗೆ ಅತ್ತೆ ಹುಣಸೆಹಣ್ಣು ಹಿಂಡುತ್ತಿದ್ದವರು ಆ ದನಿ ಕೇಳಿ ಹಾಗೇ ಓಡಿಬಂದರು. ಕೈಯೆಲ್ಲ ಹುಣಸೆ ರಸ. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಮಂಡಿನೋವಿನ ಆ ಹೆಂಗಸು ಮೂರು ಮೆಟ್ಟಿಲನ್ನು ಇಳಿದದ್ದನ್ನು ನಾನು ನೋಡಲೇ ಇಲ್ಲ, ಆಗಲೇ ಅಕ್ಕನ ಹೆಗಲ ಮೇಲೆ ತಲೆಯಿಟ್ಟಿದ್ದರು. ಅಕ್ಕನ ಸ್ವೆಟರಿನ ಬೆನ್ನಿನ ಮೇಲೆ ಹತ್ತು ಬೆರಳಿನ ಹುಣಸೆ ಗುರುತು. ಇಬ್ಬರೂ ಏನೇನೋ ಹೇಳುತ್ತಿದ್ದರು, ಇಬ್ಬರೂ ಒಟ್ಟಿಗೇ ಹೇಳುತ್ತಿದ್ದುದರಿಂದ ಒಂದೂ ತಿಳಿಯುತ್ತಿರಲಿಲ್ಲ. ಬೇಲಿಯಾಚೆ ಬಸವ್ವ ಗೊಳೋ ಎಂದು ಅತ್ತರು. ನಾನೂ ಏಣಿಯ ಮೇಲೆ ಸುತ್ತಿಗೆ ಹಿಡಿದುಕೊಂಡು ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ?

ಅತ್ತು ಮುಗಿದ ಮೇಲೆ ವಿಚಾರಣೆ ಶುರುವಾಯಿತು. ಮಧುರಾ ನನ್ನ ಸಂಬಳದ ಚೀಟಿಯನ್ನೇ ಫೋನಿನಲ್ಲಿ ತೆಗೆದು ದೊಡ್ಡಮ್ಮನಿಗೆ ತೋರಿಸಿದಳು. ಮನೆಯೂ ಇದೆ, ಕೆಲಸವೂ ಇದೆ, ಇಲ್ಲದಿರುವುದು ವ್ಯಾನಿನ ಸೂರು ಮತ್ತು ಅಳಿಯನ ಬುದ್ಧಿ, ಇವೆರಡೇ ಎಂದು ವಿವರಿಸಿದಳು. ಅಣ್ಣಾಸಾಹೇಬರು ಬೇಲಿಯಾಚೆಯಿಂದ, "ನೌಕರಿ ಐತೇನ್ರಿ? ಖರೇನ?" ಎಂದು ಕೇಳಿ, ಬಸವ್ವನ ಕಡೆ ತಿರುಗಿ ಎಣಗಾಯಿ ಎಂದೇನೋ ಗೊಣಗಿದರು.

"ಹಾಗಾದ್ರೆ ಈ ಜೋಪಡಿ ಯಾಕೆ?" ಎಂದರು ದೊಡ್ಡಮ್ಮ.

ನಾನು ಏಣಿಯಿಂದಿಳಿದು, ತಲೆಬಾಗಿ, ಮರ್ಯಾದೆಯಿಂದ ಎಲ್ಲವನ್ನೂ ಬಿಡಿಸಿ ಹೇಳಿದೆ. ಲೋ ರೂಫ್, ಹೈ ರೂಫ್, ಪಾಪ್-ಟಾಪ್, ಪ್ರಶಸ್ತ ಲಗ್ನ. ಗಂಟೆಗೊಮ್ಮೆ ಇಳಿಯಬೇಕಾದ ವಯಸ್ಸಿನ ಮಾತನ್ನೂ ಈ ಸಲ ನುಂಗಲಿಲ್ಲ.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. "ನನಗೆ ಅರ್ಧ ಗಂಟೆಗೊಮ್ಮೆ" ಎಂದರು.

"ಹಾಗಾದ್ರೆ... ನೀವು ಹೇಗೆ ಬಂದ್ರಿ?"

ಅವರು ಹೋಗಿ ಕ್ಯಾಮ್ರಿಯ ಹಿಂದಿನ ಬಾಗಿಲು ತೆರೆದು ತೋರಿಸಿದರು. ಸೀಟಿನ ನಡುವೆ ಒಂದು ಹಳೆಯ ಬೆಡ್‌ಶೀಟನ್ನು ಪರದೆಯ ಹಾಗೆ ಕಟ್ಟಿತ್ತು. ಕೆಳಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಬಕೆಟ್ಟು.

ಮಧುರಾ ಆ ಬಕೆಟ್ಟನ್ನು ನೋಡಿದಳು, ವ್ಯಾನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಮತ್ತೆ ಏಣಿ ಹತ್ತಿ ಮೇಲೇ ಇದ್ದುಬಿಡೋಣ ಎನ್ನಿಸಿತು.

ಊಟವಾಯಿತು. ನಾಲ್ಕು ಗಂಟೆಗೆ ಕಾಫಿ ಕುಡಿಯುತ್ತಾ ದೊಡ್ಡಮ್ಮ, "ನಾನು ವಿಮಾನ ಹತ್ತೋವರೆಗೆ ಇವಳು ನನ್ನ ಜೊತೆ ಇರಲಿ. ಹೊರಡೇ" ಎಂದರು. ಅತ್ತೆ ಒಳಗೆ ಹೋಗಿ, ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಒಂದು ಚೀಲದೊಡನೆ ಬಂದು ನಿಂತರು. ಪಿತೃಪಕ್ಷ ನಡೆಯುತ್ತಿತ್ತು. ದಿನ ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ತಾವೇ ಕ್ಯಾಮ್ರಿಯ ಬಾಗಿಲು ತೆಗೆದು, ಬಕೆಟ್ಟನ್ನು ಒಂದಿಷ್ಟು ಆಚೆ ತಳ್ಳಿ, ಅಕ್ಕನ ಪಕ್ಕ ಕೂತರು. ಹತ್ತು ನಿಮಿಷದ ಪಯಣಕ್ಕೆ ಹೊರಟವರ ಹಾಗೆ ಇಬ್ಬರೂ ಆಗಲೇ ಮಾತಿಗೆ ತೊಡಗಿದ್ದರು.

ನಾನು ಕಿಟಕಿಯ ಹತ್ತಿರ ಹೋಗಿ ಬಗ್ಗಿದೆ. ಬೇಸಿಗೆಯೆಲ್ಲ ಅವರಿಗಾಗಿ ದುಡಿದು ಅವರನ್ನು ಒಂದು ಮೈಲಿಯೂ ಕರೆದೊಯ್ಯಲಾಗಲಿಲ್ಲ.

"ಕ್ಷಮಿಸಿ ಅಮ್ಮ. ನಾನು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಆಗ್ಲಿಲ್ಲ."

ಅತ್ತೆ ಮಾಸ್ಕ್ ಕೆಳಗಿಳಿಸಿ, ಮಗುವಿಗೆ ಸಮಾಧಾನ ಹೇಳುವ ಹಾಗೆ ನನ್ನ ಕೆನ್ನೆ ಸವರಿದರು.

"ಹಾಗಂದ್ರೆ ಹೇಗೆ ಅಳಿಯಂದ್ರೇ? ಈ ಕೊರೊನಾ ಕಾಲದಲ್ಲಿ ರುಕ್ಕು ಬಾಗಿಲು ದಾಟಿ ಹೊರಗೆ ಬರೋಳೇ ಅಲ್ಲ. ನೀವು ಬುದ್ಧಿವಂತ್ರಾಗಿದ್ದಿದ್ರೆ ಅವಳು ಬರ್ತಾನೇ ಇರ್ಲಿಲ್ಲ."

ಕಾರು ಬೀದಿಯ ತಿರುವು ದಾಟಿತು. ಮಧುರಾ ಬಂದು ಏಣಿಯ ಕೆಳತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಟಾರ್ಪಾಲು ಹೊದಿಸಲು ಮೇಲೆ ಹತ್ತಿದೆ.